ಕಬ್ಬಿನ ಹಾಲೂ ಗಣಕದ ನಡುಭಾಷೆಯೂ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಆಲೆಮನೆಗಳಿಗೆ ಹಲವು ಗದ್ದೆಗಳ ಕಬ್ಬು ಬರುತ್ತದೆ. ಗಾಣದಿಂದ ಇಳಿಯುವುದು ಮಾತ್ರ ಒಂದೇ ಹಾಲು. ಅದು ಕೊಪ್ಪರಿಗೆಯಲ್ಲಿ ಕುದಿದು ಬೆಲ್ಲವಾಗುತ್ತದೆ, ಕಾರ್ಖಾನೆಯಲ್ಲಾದರೆ ಸಕ್ಕರೆಯಾಗುತ್ತದೆ. ಗಣಕಯಂತ್ರಗಳ ಲೋಕದಲ್ಲಿಯೂ ಇಂಥದೊಂದು ನಡುವಣ ರೂಪವುಂಟು.

ಗಣಕಕ್ಕೆ ತಿಳಿಯುವುದು ಅದರ ಯಂತ್ರಭಾಷೆಯೊಂದೇ. ಸಿ, ಫೋರ್ಟ್ರಾನ್ ಮೊದಲಾದ ಭಾಷೆಗಳಲ್ಲಿ ನಾವು ಬರೆದುದನ್ನು ಆ ಭಾಷೆಗೆ ಇಳಿಸಿಕೊಡುವ ಸಾಧನಕ್ಕೆ ಕಂಪೈಲರ್ ಎಂದು ಹೆಸರು. ಭಾಷೆಗಳು 5, ಯಂತ್ರಜಾತಿಗಳು 4 ಇದ್ದರೆ ನೇರ ಅನುವಾದಕ್ಕೆ 20 ಕಂಪೈಲರುಗಳು ಬೇಕು. ನಡುವೆ ಒಂದು ಸಾಮಾನ್ಯ ಭಾಷೆಯಿದ್ದರೆ 9 ಅನುವಾದಕಗಳು ಸಾಕು. 1958ರಲ್ಲಿಯೇ ಅಮೆರಿಕದಲ್ಲಿ ‘ಅನ್‌ಕಾಲ್’ ಎಂಬ ಸರ್ವಸಾಮಾನ್ಯ ನಡುಭಾಷೆಯ ಯೋಜನೆ ಹುಟ್ಟಿತು, ಅದು ಕೈಗೂಡಲಿಲ್ಲ. 2000ದಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಆರಂಭವಾದ ಎಲ್‌ಎಲ್‌ವಿಎಂ ಆ ಆಸೆಯನ್ನು ಬಹುಮಟ್ಟಿಗೆ ಈಡೇರಿಸಿತು.

ಹಾಗಾದರೆ ಆಯ್ಕೆಯ ಪ್ರಶ್ನೆ ಮುಗಿಯಿತಲ್ಲವೇ ಎಂದು ವಾಚಕರು ಕೇಳಬಹುದು. ಇಲ್ಲ. ಹಾಲನ್ನು ನೋಡಿ ಅದು ಯಾವ ಗದ್ದೆಯ ಕಬ್ಬೆಂದು ಹೇಳಲಾದೀತೇ?

1000 ಅಡ್ಡಸಾಲು, 1000 ಕಂಬಸಾಲುಗಳುಳ್ಳ ಎರಡು ಮಾತೃಕೆಗಳನ್ನು ಗುಣಿಸುವ ಲೆಕ್ಕವನ್ನು ತೆಗೆದುಕೊಳ್ಳೋಣ. ಪ್ರತಿ ಸಂಖ್ಯೆಗೂ 8 ಬೈಟುಗಳಿರಲಿ. ಅಡ್ಡಸಾಲುಗಳನ್ನು ಒಂದರ ಹಿಂದೊಂದು ಜೋಡಿಸಿಟ್ಟಿದ್ದರೆ, ಕಂಬಸಾಲಿನಲ್ಲಿ ಒಂದು ಹೆಜ್ಜೆ ಇಳಿಯಲು ಸ್ಮೃತಿಯಲ್ಲಿ 8000 ಬೈಟುಗಳನ್ನು ದಾಟಬೇಕು. ಇಂದಿನ ಹೆಚ್ಚಿನ ಗಣಕಗಳು ಒಮ್ಮೆಗೆ 64 ಬೈಟುಗಳನ್ನು ಕೈಯಳತೆಯ ಕಿರುಸ್ಮೃತಿಗೆ ತರುತ್ತವೆ. ಅವುಗಳಲ್ಲಿ ಆಗ ಬಳಕೆಯಾಗುವುದು 8 ಮಾತ್ರ. ಉಳಿದ 56 ಬೇಕಾಗುವ ಹೊತ್ತಿಗೆ ಅಲ್ಲಿಂದ ಹೊರಬಿದ್ದಿರಬಹುದು. ಮಾತೃಕೆಯನ್ನು ಚಿಕ್ಕ ಚಿಕ್ಕ ಪಾತಿಗಳಾಗಿ ವಿಂಗಡಿಸಿ ಗುಣಿಸಿದರೆ ಈ ನಷ್ಟ ಬಹಳ ತಗ್ಗುತ್ತದೆ. ಉತ್ತರ ಅದೇ, ಗುಣಾಕಾರಗಳೂ ಅಷ್ಟೇ. ಬದಲಾಗುವುದು ಅನುಕ್ರಮ ಮಾತ್ರ.

ಆದರೆ ಪಾತಿ ಮಾಡಬೇಕಾದರೆ ಇದು ಮಾತೃಕೆ, ಇವು ಒಂದರೊಳಗೊಂದು ಸುತ್ತುವ ಆವರ್ತನೆಗಳು ಎಂಬುದು ಕಂಪೈಲರಿಗೆ ತಿಳಿದಿರಬೇಕು. ಕೆಳಮಟ್ಟದ ನಡುಭಾಷೆಗೆ ಇಳಿದ ಮೇಲೆ ಉಳಿಯುವುದು ‘1000ದಿಂದ ಗುಣಿಸು, ಕೂಡು, ಆ ವಿಳಾಸದಲ್ಲಿರುವುದನ್ನು ತಾ, ಹಿಂದಕ್ಕೆ ನೆಗೆ’ ಎಂಬಂಥ ಬಿಡಿ ಆಜ್ಞೆಗಳು. ಅವುಗಳಿಂದ ಮೂಲದ ಆಕಾರವನ್ನು ಊಹಿಸುವುದು ಅಸಾಧ್ಯವಲ್ಲದಿದ್ದರೂ ಬಹು ಪ್ರಯಾಸದ ಕೆಲಸ. ಬೇಗನೆ ಕೆಳಗಿಳಿಯುವುದೇ ಜಾಣತನವೆಂಬ ಭಾವನೆಯನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ.

ಇಂಥ ಆವರ್ತನೆಗಳನ್ನು ತಾನಾಗಿಯೇ ಪಾತಿಮಾಡುವ ‘ಪ್ಲೂಟೊ’ ಎಂಬ ಸಾಧನವನ್ನು 2008ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಉದಯ್ ಬೊಂಧುಗುಲ ಅವರು ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾದರು. 2019ರಲ್ಲಿ ಗೂಗಲ್ ಸಂಸ್ಥೆ ಲೋಕಕ್ಕೆ ತೆರೆದಿಟ್ಟ ಎಂಎಲ್‌ಐಆರ್‌ನ ಆರಂಭದ ನಿರ್ಮಾಪಕರಲ್ಲಿ ಅವರೂ ಒಬ್ಬರು. ಎಂಎಲ್‌ಐಆರ್‌ನಲ್ಲಿ ನಡುಭಾಷೆ ಒಂದೇ ಅಲ್ಲ. ಮೆಟ್ಟಿಲು ಮೆಟ್ಟಿಲಾಗಿ ಹಲವು. ‘ಅಫೈನ್’ ಎಂಬ ಮೆಟ್ಟಿಲಿನಲ್ಲಿ ಆವರ್ತನೆ, ಸಾಲು, ಕಂಬಸಾಲುಗಳು ಇದ್ದಂತೆಯೇ ಇರುತ್ತವೆ. ಪಾತಿಯ ಕೆಲಸವನ್ನು ಅಲ್ಲಿ ಮುಗಿಸಿಕೊಂಡು ಕಂಪೈಲರು ಕೆಳಗಿಳಿಯುತ್ತದೆ. ಕೊನೆಗೆ ಎಲ್‌ಎಲ್‌ವಿಎಂಗೂ ತಲಪಬಹುದು.

ಮೆಟ್ಟಿಲೊಂದಕ್ಕೂ ವೆಚ್ಚವುಂಟು. ಪ್ರತಿಯೊಂದಕ್ಕೂ ವ್ಯಾಕರಣ ಬೇಕು, ತಪ್ಪೊಪ್ಪುಗಳ ಪರೀಕ್ಷೆ ಬೇಕು, ಇಳಿಯುವ ದಾರಿ ಬೇಕು. ಒಂದೇ ಭಾಷೆಯನ್ನು ಒಂದೇ ಯಂತ್ರಕ್ಕೆ ಒಪ್ಪಿಸುವ, ದೊಡ್ಡ ಮಾತೃಕೆಗಳ ಗೊಡವೆಯಿಲ್ಲದ ಪುಟ್ಟ ಕಂಪೈಲರಿಗೆ ಒಂದು ಮೆಟ್ಟಿಲೇ ಧಾರಾಳವಾಗಿ ಸಾಕು.