ಚೊಚ್ಚಲ ಆಲ್ಬಮ್‌ಗೊಂದು ವಿಳಾಸ ಬೇಕು

ಬನಶಂಕರಿ ದಾಟಿ ಉತ್ತರಹಳ್ಳಿಯ ಕಡೆಗೆ ಹೊರಟರೆ ಸಿಗುವುದು ಚಿಕ್ಕಲಸಂದ್ರ. ಹೆಸರಿನ ಬಾಲದಲ್ಲಿರುವ ‘ಸಂದ್ರ’ ನಮ್ಮ ‘ಸಮುದ್ರ’ವೇ. ಕೆರೆಯನ್ನೇ ಸಮುದ್ರವೆಂದು ಕರೆದು ಬದುಕಿದ ಹಳ್ಳಿಗರ ಮಾತು ಅದು. ಇಂದು ಅಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಮಂಡ್ಯದವರು, ಹಾಸನದವರು, ಬಳ್ಳಾರಿಯವರು, ಮನೆಯಲ್ಲಿ ತೆಲುಗು ಆಡಿ ಬೀದಿಗೆ ಬಂದೊಡನೆ ಕನ್ನಡ ಆಡುವವರು, ಎಲ್ಲರೂ ಒಂದೇ ಅಂಗಡಿಯಲ್ಲಿ ಹಾಲು ಕೊಳ್ಳುತ್ತಾರೆ.

ಇಂಥ ಬಡಾವಣೆಯ ಮಹಡಿ ಕೋಣೆಯೊಂದನ್ನು ಊಹಿಸಿಕೊಳ್ಳಿ. ಕಿಟಕಿಗೆ ಕಂಬಳಿ ಹೊದಿಸಿದೆ. ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲೊಂದು ಮೈಕು. ಪಕ್ಕದ ಮನೆಯ ಕುಕ್ಕರ್ ಮೂರನೇ ಸಲ ಕೂಗಿ ಸುಮ್ಮನಾಗಲೆಂದು ಕಾಯುತ್ತಿರುವ ಇಪ್ಪತ್ತರ ಹುಡುಗ. ಅವನು ತನ್ನ ಮೊದಲ ರ‍್ಯಾಪ್ ಆಲ್ಬಮ್ ಮುದ್ರಿಸಿಕೊಳ್ಳಲು ಕುಳಿತಿದ್ದಾನೆ. ಮೈಕು ಬಂತು, ತಾಳವೂ ಬಂತು. ಈಗ ಏನು ಹಾಡಬೇಕು? ಯಾರ ಕನ್ನಡದಲ್ಲಿ ಹಾಡಬೇಕು?

ಹಾಗೆ ನೋಡಿದರೆ ಹಿಪ್‌ಹಾಪ್ ಹುಟ್ಟಿದ್ದೇ ಮನೆ ನಂಬರಿನೊಂದಿಗೆ! ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಸೆಡ್ಜ್‌ವಿಕ್ ಅವೆನ್ಯೂವಿನ 1520ನೇ ನಂಬರಿನ ಕಟ್ಟಡ. 1973ರ ಆಗಸ್ಟ್ 11ರ ಸಂಜೆ ಕೂಲ್ ಹರ್ಕ್ ಎಂಬ ಹುಡುಗ ತಂಗಿಯ ಪಾರ್ಟಿಗೆ ಹಾಡಿನ ತಟ್ಟೆ ತಿರುಗಿಸಲು ನಿಂತ. ಹಾಡಿನಲ್ಲಿ ತಾಳವಾದ್ಯ ಮಾತ್ರ ನುಡಿಯುವ ತುಣುಕು ಬಂದಾಗ ಕುಣಿಯುವವರು ಹುಚ್ಚೆದ್ದು ಕುಣಿಯುವುದನ್ನು ಗಮನಿಸಿ, ಆ ತುಣುಕನ್ನೇ ಮತ್ತೆ ಮತ್ತೆ ನುಡಿಸಿದ. ಆ ತಾಳದ ಮೇಲೆ ಆಡಿದ ಮಾತೇ ಮುಂದೆ ರ‍್ಯಾಪ್ ಆಗಿ ಬೆಳೆಯಿತು.

ಅಂದಿನಿಂದ ಇಂದಿನವರೆಗೆ ಒಳ್ಳೆಯ ಚೊಚ್ಚಲ ಆಲ್ಬಮ್‌ಗಳು ಊರಿನ ಹೆಸರನ್ನು ಹಣೆಯ ಮೇಲೆ ಬರೆದುಕೊಂಡೇ ಬಂದಿವೆ. 1994ರಲ್ಲಿ ನ್ಯಾಸ್ ಎಂಬ ಹುಡುಗ ‘ಇಲ್ಮ್ಯಾಟಿಕ್’ ತಂದಾಗ ಅವನಿಗೆ ಇಪ್ಪತ್ತು ವರ್ಷ. ಹತ್ತು ಭಾಗಗಳು, ಒಟ್ಟು ನಲವತ್ತು ನಿಮಿಷವೂ ಇಲ್ಲ. ಕ್ವೀನ್ಸ್‌ಬ್ರಿಜ್ ಎಂಬ ಸರ್ಕಾರಿ ವಸತಿ ಸಮುಚ್ಚಯದ ಬದುಕು ಅಷ್ಟೂ ಅದರಲ್ಲಿತ್ತು. ಜಾಝ್ ಕಲಾವಿದನಾದ ತಂದೆ ಒಲು ದಾರಾ ಮಗನ ಒಂದು ಹಾಡಿಗೆ ಕಾರ್ನೆಟ್ ಊದಿದ್ದ. ಆಲ್ಬಮ್ ಬಿಸಿ ದೋಸೆಯಂತೇನೂ ಖರ್ಚಾಗಲಿಲ್ಲ. ಹತ್ತು ಲಕ್ಷ ಪ್ರತಿಗಳ ಪ್ಲಾಟಿನಂ ಮನ್ನಣೆಗೆ 2001ರವರೆಗೆ ಕಾಯಬೇಕಾಯಿತು. 2021ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಕಾಪಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು.

ನಮ್ಮ ದೇಶದಲ್ಲೂ ಉದಾಹರಣೆಗಳಿವೆ. ಮುಂಬೈ ಅಂಧೇರಿಯ ಡಿವೈನ್, ನೇಜಿಯ ಜೊತೆಗೂಡಿ 2015ರಲ್ಲಿ ‘ಮೇರೆ ಗಲ್ಲಿ ಮೇ’ ಹಾಡಿ ಮನೆಮಾತಾದ. ಆ ಗಲ್ಲಿಯ ಹುಡುಗರ ಬದುಕು 2019ರಲ್ಲಿ ‘ಗಲ್ಲಿ ಬಾಯ್’ ಸಿನಿಮಾ ಆಯಿತು. ಡಿವೈನ್‌ನ ಮೊದಲ ಆಲ್ಬಮ್ ‘ಕೊಹಿನೂರ್’ ಬಂದದ್ದು ಸಿನಿಮಾ ತೆರೆಕಂಡು ತಿಂಗಳುಗಳಾದ ಮೇಲೆ!

ಬೆಂಗಳೂರಿನಲ್ಲಿ ಬ್ರೋಧಾ ವಿ, ಸ್ಮೋಕಿ ದಿ ಘೋಸ್ಟ್ ಸೇರಿ ಕಟ್ಟಿದ ತಂಡದ ಹೆಸರು ‘ಮಚಾಸ್ ವಿತ್ ಆಟಿಟ್ಯೂಡ್’. ಬೆಂಗಳೂರಿಗರ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ‘ಮಚಾ’ಕ್ಕೆ ಅಂತೂ ಒಂದು ಗೌರವ ಸಿಕ್ಕಿತು ಅನ್ನಿ. 2012ರ ‘ಆತ್ಮ ರಾಮ’ದಲ್ಲಿ ಬ್ರೋಧಾ ವಿ ಇಂಗ್ಲಿಷ್ ರ‍್ಯಾಪಿಗೆ ರಾಮಭಜನೆಯ ಪಲ್ಲವಿ ಜೋಡಿಸಿದರು. ಕನ್ನಡದಲ್ಲಿ ಹಾಸನ ಜಿಲ್ಲೆಯ ಚಂದನ್ ಶೆಟ್ಟಿಯವರ ‘3 ಪೆಗ್’ ಮದುವೆ ಮಂಟಪದವರೆಗೂ ಹೋಯಿತು. 2018ರಲ್ಲಿ ಅವರು ಬಿಗ್ ಬಾಸ್ ಗೆದ್ದಾಗ ರ‍್ಯಾಪ್ ಎಂದರೇನೆಂದು ಅಜ್ಜಿಯರಿಗೂ ಗೊತ್ತಾಯಿತು. ‘ಆಲ್ ಓಕೆ’ ಹೆಸರಿನ ಅಲೋಕ್ ಕೂಡ ಕನ್ನಡ ರ‍್ಯಾಪಿಗೆ ಕೇಳುಗರನ್ನು ಗಳಿಸಿಕೊಟ್ಟರು.

ಇವೆಲ್ಲ ಹೆಚ್ಚಾಗಿ ಬಿಡಿ ಹಾಡುಗಳ ಗೆಲುವು. ಬಿಡಿ ಹಾಡು ಮೂರು ನಿಮಿಷದಲ್ಲಿ ಕುಣಿಸಬೇಕು. ಸಿನಿಮಾ ಹಾಡಾದರೆ ನಾಯಕನ ಸಂದರ್ಭಕ್ಕೆ ಹೊಂದಬೇಕು. ಮುಚ್ಚಿಹೋದ ಕೆರೆ, ಬಾಡಿಗೆ ಮನೆ, ಕೆಲಸ ಯಾವಾಗಲೋ ಎಂದು ಕೇಳುವ ಅಮ್ಮ, ಇವರಿಗೆಲ್ಲ ಅಲ್ಲಿ ಜಾಗವೆಲ್ಲಿ? ಆಲ್ಬಮ್ ಆದರೆ ನಲವತ್ತು ನಿಮಿಷ ಸಿಗುತ್ತದೆ. ಆ ಹೊತ್ತು ಹಾಡುಗಾರ ಯಾರ ನಾಯಕನೂ ಆಗಬೇಕಿಲ್ಲ. ತನ್ನ ಬೀದಿಯ ಹುಡುಗನಾಗಿದ್ದರೆ ಸಾಕು.

ಕನ್ನಡ ಇದಕ್ಕೆ ಒಗ್ಗುತ್ತದೆಯೇ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ರ‍್ಯಾಪಿನ ಒಂದು ಸಾಲಿಗೆ ನಾಲ್ಕು ಪೆಟ್ಟು, ಪ್ರತಿ ಪೆಟ್ಟಿನೊಳಗೆ ನಾಲ್ಕು ಪಾಲು, ಒಟ್ಟು ಹದಿನಾರು. ನಮ್ಮ ಮಂದಾನಿಲ ರಗಳೆಯ ಸಾಲಿನಲ್ಲೂ ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು ಹದಿನಾರು! ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ‘ಬರ್ತಾನೆ, ಹೋಗ್ತಾನೆ’ ಎಂದು ಅಂತ್ಯಪ್ರಾಸ ಪುಕ್ಕಟೆಯಾಗಿ ಸಿಗುತ್ತದೆ. ಸೋಮಾರಿ ರ‍್ಯಾಪರ್ ಬೀಳುವುದು ಇದೇ ಗುಂಡಿಗೆ. ಹಳೆಯ ಕವಿಗಳು ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಇಟ್ಟವರು. ಪ್ರಾಸ ಸಾಲಿನ ಒಳಗೆ ಹೋದಷ್ಟೂ ರ‍್ಯಾಪಿಗೆ ಕಸುವು ಹೆಚ್ಚು.

ಸವಾಲು ಹಾಕಿ ಹಾಡುವುದೂ ನಮಗೆ ಹೊಸದಲ್ಲ. ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಹಾಡಿಕೆಯಲ್ಲಿ ಒಂದು ಮೇಳ ಗಂಡು ಹೆಚ್ಚೆಂದು, ಇನ್ನೊಂದು ಹೆಣ್ಣು ಹೆಚ್ಚೆಂದು ಜಿದ್ದಿಗೆ ಬಿದ್ದು ವಾದ ಹೂಡುತ್ತದೆ. ಎದುರಾಳಿಯ ಪ್ರಶ್ನೆಗೆ ಹಾಡಿನಲ್ಲೇ ಉತ್ತರ ಹೇಳಬೇಕು. ತಡವರಿಸಿದವರು ಸೋತಂತೆ.

ಇನ್ನೊಂದು ನೆನಪು. ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ ಎಂದೇ ಹೆಸರಾದ ‘ನಿತ್ಯೋತ್ಸವ’ ಬಂದದ್ದು 1978ರಲ್ಲಿ. ಕವಿತೆಯನ್ನು ಕ್ಯಾಸೆಟ್ಟಿಗೆ ಹಾಕಿದರೆ ಯಾರು ಕೊಳ್ಳುತ್ತಾರೆ ಎಂದು ಅನುಮಾನಿಸಬಹುದಾದ ಕಾಲ ಅದು. ಜನ ಕೊಂಡರು, ಬಾಯಿಪಾಠ ಮಾಡಿದರು, ಭಾವಗೀತೆಗೆ ಹೊಸ ದಾರಿಯೇ ತೆರೆಯಿತು. ಆ ಕವಿತೆಗಳನ್ನು ಬರೆದ ಕೆ. ಎಸ್. ನಿಸಾರ್ ಅಹಮದ್ 2020ರಲ್ಲಿ ಕೊನೆಯುಸಿರೆಳೆದದ್ದು ಪದ್ಮನಾಭನಗರದ ಮನೆಯಲ್ಲಿ. ಅಲ್ಲಿಂದ ಚಿಕ್ಕಲಸಂದ್ರಕ್ಕೆ ನಡೆದೇ ಹೋಗಬಹುದು.

ಮಹಡಿ ಕೋಣೆಯ ಹುಡುಗನಿಗೆ ಇಷ್ಟು ಹೇಳಬಹುದು. ಬ್ರಾಂಕ್ಸ್‌ನ ಉಚ್ಚಾರಣೆಯನ್ನು ಬ್ರಾಂಕ್ಸ್‌ನವರಿಗೇ ಬಿಡು. ನಿಮ್ಮ ಬೀದಿಯ ಹಾಲಿನಂಗಡಿಯ ಮುಂದೆ ಬೆಳಿಗ್ಗೆ ಆರಕ್ಕೆ ಐದು ಬಗೆಯ ಕನ್ನಡ ಕೇಳಿಸುತ್ತದೆ. ಅದನ್ನು ಮುದ್ರಿಸಿಕೋ. ಕೆರೆ ಇತ್ತೆಂಬುದನ್ನು ಊರಿನ ಹೆಸರು ಈಗಲೂ ಹೇಳುತ್ತಿದೆ. ಇಂದಿನ ಮಾತು ಹೇಗಿತ್ತೆಂದು ನಾಳೆ ಯಾರಾದರೂ ಹೇಳಬೇಕಲ್ಲ?

ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಕೂಗಲಿ. ಅದೂ ಆಲ್ಬಮ್‌ನಲ್ಲಿ ಇರಲಿ ಬಿಡು.