ನಡುಕದ ಮೂಲ ಹುಡುಕಿದ ದಾರಿ

ಕಾರ್ಖಾನೆಯ ದೊಡ್ಡ ಮೋಟಾರು ಅದುರತೊಡಗಿದರೆ ಹಳೆಯ ಫಿಟ್ಟರುಗಳು ಮೊದಲು ಅದರ ಮೈಮೇಲೆ ಅಂಗೈ ಇಡುತ್ತಿದ್ದರು. ಆಮೇಲೆ ಬೇರಿಂಗ್ ಮೇಲೆ ಸ್ಕ್ರೂಡ್ರೈವರ್ ಊರಿ, ಹಿಡಿಯನ್ನು ಕಿವಿಗೆ ಒತ್ತಿ ಆಲಿಸುತ್ತಿದ್ದರು. ಅನುಭವಸ್ಥರ ಆ ಅಂಗೈ, ಆ ಕಿವಿಯ ಬಗ್ಗೆ ನನಗೆ ಅಪಾರ ಗೌರವ. ಆದರೆ ಒಬ್ಬರಿಗೆ ‘ಪರವಾಗಿಲ್ಲ’ ಅನ್ನಿಸಿದ್ದು ಇನ್ನೊಬ್ಬರಿಗೆ ‘ತಕ್ಷಣ ನಿಲ್ಲಿಸಿ’ ಅನ್ನಿಸಿದರೆ ಯಾರ ಮಾತು ಕೇಳಬೇಕು?

ಇದಕ್ಕೊಂದು ಅಳತೆಗೋಲು ಹುಡುಕಿದವರು ಅಮೆರಿಕದ ವಿಮಾ ಕಂಪನಿಯೊಂದರ ಎಂಜಿನಿಯರ್ ಟಿ. ಸಿ. ರಾಥ್‌ಬೋನ್. ಯಂತ್ರ ಮುರಿದರೆ ಪರಿಹಾರ ಕಟ್ಟಿಕೊಡುವವರಿಗೆ ಅಪಾಯ ಮೊದಲೇ ತಿಳಿಯಬೇಕಿತ್ತು. ಯಾವ ವೇಗದಲ್ಲಿ ಎಷ್ಟು ಅಲುಗಾಟ ಸಹ್ಯ, ಎಷ್ಟು ಅಪಾಯ ಎಂದು ತೋರಿಸುವ ನಕ್ಷೆಯನ್ನು ಅವರು 1939ರಲ್ಲಿ ಪ್ರಕಟಿಸಿದರು. ಮುಂದೆ ಅಳತೆ ಅಲುಗಾಟದ ದೂರದಿಂದ ಅದರ ವೇಗಕ್ಕೆ ಸರಿಯಿತು. ಕಾರಣ ಲೆಕ್ಕದಲ್ಲೇ ಇದೆ: 50 ಮೈಕ್ರಾನ್ ಅಲುಗಾಟ ಸೆಕೆಂಡಿಗೆ 25 ಬಾರಿ ನಡೆದರೆ ಕಂಪನದ ವೇಗ ಸೆಕೆಂಡಿಗೆ ಸುಮಾರು 2.8 ಮಿ.ಮೀ.; ಅಷ್ಟೇ ಅಲುಗಾಟ 100 ಬಾರಿ ನಡೆದರೆ 11 ಮಿ.ಮೀ. 1974ರ ಐಎಸ್ಒ 2372 ಮಾನದಂಡದಲ್ಲಿ, ಗಟ್ಟಿ ಅಡಿಪಾಯದ ದೊಡ್ಡ ಯಂತ್ರಗಳಿಗೆ ಈ ವೇಗ 11.2 ಮಿ.ಮೀ. ದಾಟುವುದು ಸಲ್ಲದಾಗಿತ್ತು.

ಇಷ್ಟಾದರೂ ತಿಳಿದದ್ದು ಕಾಯಿಲೆಯ ತೀವ್ರತೆ ಮಾತ್ರ. ಕಾಯಿಲೆ ಯಾವುದು ಎಂದು ಹೇಳಲು ಕಂಪನವನ್ನು ಅದರ ಆವೃತ್ತಿಗಳಾಗಿ ಬಿಡಿಸಬೇಕು. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ವೇಗದ ಫೂರಿಯೇ ಗಣನೆಯ ವಿಧಾನ ಆ ಕೆಲಸವನ್ನು ಕಂಪ್ಯೂಟರಿಗೆ ಸುಲಭವಾಗಿಸಿತು. ಕ್ರಮೇಣ ಅದು ಕೈಯಲ್ಲಿ ಹಿಡಿಯುವ ಉಪಕರಣಕ್ಕೂ ಇಳಿಯಿತು.

ಮೋಟಾರಿನ ವಿಷಯ ನಿಜಕ್ಕೂ ಸೂಕ್ಷ್ಮವಾಗುವುದು ಇಲ್ಲಿ. ನಮ್ಮ ವಿದ್ಯುತ್ತಿನ ಆವೃತ್ತಿ 50 ಹರ್ಟ್ಸ್. ಕಾಂತದ ಸೆಳೆತ ಪ್ರತಿ ಆವರ್ತದಲ್ಲಿ ಎರಡು ಸಲ ಏರುವುದರಿಂದ ಮೋಟಾರಿನ ಸ್ಥಿರ ಭಾಗವಾದ ಸ್ಟೇಟರ್ 100 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ನಿಮಿಷಕ್ಕೆ 2980 ಸುತ್ತು ಹೊಡೆಯುವ ಎರಡು ಧ್ರುವದ ಮೋಟಾರನ್ನು ತೆಗೆದುಕೊಳ್ಳಿ. ಅಲೈನ್‌ಮೆಂಟ್ ತಪ್ಪಿದ್ದರೆ ಸಾಮಾನ್ಯವಾಗಿ ಸುತ್ತಿನ ಎರಡರಷ್ಟು ಆವೃತ್ತಿಯ, ಅಂದರೆ 99.33 ಹರ್ಟ್ಸ್‌ನ ಕಂಪನ ಹೆಚ್ಚುತ್ತದೆ. ಒಂದು ವಿದ್ಯುತ್ತಿನದು, ಇನ್ನೊಂದು ಯಂತ್ರದ್ದು. ನಡುವಿನ ಅಂತರ 0.67 ಹರ್ಟ್ಸ್. ಎರಡೂ ಸೇರಿದಾಗ ಒಂದೂವರೆ ಸೆಕೆಂಡಿಗೊಮ್ಮೆ ಏರಿಳಿಯುವ ಗುಂಯ್‌ಗುಡುವಿಕೆ ಕೇಳುತ್ತದೆ. 1000 ಹರ್ಟ್ಸ್‌ವರೆಗಿನ ವ್ಯಾಪ್ತಿಯನ್ನು 400 ಗೆರೆಗಳಲ್ಲಿ ತೋರಿಸುವ ಉಪಕರಣದ ಒಂದೊಂದು ಗೆರೆ 2.5 ಹರ್ಟ್ಸ್ ಅಗಲ. ಅದರಲ್ಲಿ ಇವೆರಡೂ ಒಂದೇ ಶಿಖರವಾಗಿ ಕಂಡು, ತಪ್ಪು ಚಿಕಿತ್ಸೆಗೆ ದಾರಿಯಾಗುತ್ತದೆ. ಸಂಕೇತವನ್ನು ಹಲವು ಸೆಕೆಂಡು ದಾಖಲಿಸಿ ಸಣ್ಣ ವ್ಯಾಪ್ತಿಯಲ್ಲಿ ನೋಡಿದರಷ್ಟೇ ಅವು ಬೇರೆಬೇರೆಯಾಗುತ್ತವೆ.

ಉಪಕರಣವಿಲ್ಲದವರಿಗೂ ಒಂದು ಪರೀಕ್ಷೆಯಿದೆ: ಸ್ವಿಚ್ ಆರಿಸುವುದು. ನಡುಕ ಆ ಕ್ಷಣವೇ ಮಾಯವಾದರೆ ಮೂಲ ಕಾಂತಕ್ಷೇತ್ರದಲ್ಲಿ. ಮೋಟಾರು ನಿಧಾನಿಸಿದಂತೆ ಇಳಿಯುತ್ತ ಬಂದರೆ ಯಂತ್ರಭಾಗದಲ್ಲಿ. ಆದರೆ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ದಾಟಿಸಿ ಕಾವೇರಿಯನ್ನು ಸುಮಾರು 500 ಮೀಟರ್ ಮೇಲೆತ್ತಿ ಬೆಂಗಳೂರಿಗೆ ತರುವಂಥ ಪಂಪುಗಳನ್ನು ಬೇಕೆಂದಾಗ ನಿಲ್ಲಿಸಲಾಗದು. ಹಾಗಾಗಿ 1980ರ ದಶಕದಲ್ಲಿ ಬೆಳೆದ ಇನ್ನೊಂದು ವಿಧಾನ ಬಹಳ ದೊಡ್ಡ ಉಪಕಾರವೆಂದೇ ನನ್ನ ಎಣಿಕೆ: ಓಡುತ್ತಿರುವ ಮೋಟಾರಿನ ಕರೆಂಟನ್ನು ಸ್ವಿಚ್‌ಬೋರ್ಡಿನಲ್ಲೇ ಅಳೆಯುವುದು. ತಿರುಗುವ ಭಾಗವಾದ ರೋಟರಿನ ಸರಳು ಬಿರುಕುಬಿಟ್ಟಿದ್ದರೆ 50 ಹರ್ಟ್ಸ್‌ನ ಎರಡೂ ಪಕ್ಕ ಅದೇ 0.67ರ ಅಂತರದಲ್ಲಿ ಸಣ್ಣ ಶಿಖರಗಳು ಎದ್ದು ಕಾಣುತ್ತವೆ.

ಹಾಗೆಂದು ಕಂಪನದಲ್ಲಿ 100 ಹರ್ಟ್ಸ್ ಕಂಡೊಡನೆ ದೋಷ ವೈಂಡಿಂಗಿನದೇ ಎನ್ನುವಂತಿಲ್ಲ. ಮೋಟಾರಿನ ಒಂದು ಕಾಲು ತಳಕ್ಕೆ ಸರಿಯಾಗಿ ಕೂರದಿದ್ದಾಗ ಬೋಲ್ಟ್ ಬಿಗಿದರೆ ಇಡೀ ಮೈ ತಿರುಚುತ್ತದೆ. ರೋಟರ್, ಸ್ಟೇಟರುಗಳ ನಡುವಿನ ಕೆಲವೇ ಮಿಲಿಮೀಟರ್ ಗಾಳಿಸಂದು ಒಂದೆಡೆ ಕಿರಿದಾಗಿ ಕಾಂತದ ಸೆಳೆತ ಏರುಪೇರಾಗುತ್ತದೆ. ಆಗ ಕಂಪನ ಅಳೆಯುತ್ತಲೇ ಕಾಲುಗಳ ಬೋಲ್ಟುಗಳನ್ನು ಜಾಗರೂಕತೆಯಿಂದ ಒಂದೊಂದಾಗಿ ಸಡಿಲಿಸಿ, ಮತ್ತೆ ಬಿಗಿಯಬೇಕು. ಯಾವುದನ್ನು ಸಡಿಲಿಸಿದಾಗ ನಡುಕ ತಟ್ಟನೆ ಇಳಿಯುವುದೋ ಆ ಕಾಲಿನಡಿ ತಕ್ಕ ದಪ್ಪದ ಶಿಮ್, ಅಂದರೆ ತೆಳು ತಗಡು, ಬೇಕು. ಮೋಟಾರನ್ನು ರಿವೈಂಡಿಂಗಿಗೆ ಕಳಿಸುವ ಮೊದಲು ಇಷ್ಟನ್ನಾದರೂ ಮಾಡಿ ನೋಡಬೇಕು.