ಕೈಕುಲುಕಿ ಕೆಟ್ಟ ಕರಾರು

ಫೋರ್ಡ್ ಮೇಲೋ, ಫರ್ಗ್ಯುಸನ್ ಮೇಲೋ? ಹಳೇ ಟ್ರ್ಯಾಕ್ಟರ್ ಪ್ರಿಯರು ಎಂಜಿನ್ ಸದ್ದು, ಬಣ್ಣ, ಗೇರು ಎಂದು ವಾದಿಸುತ್ತಾರೆ. ನಾನು ನೋಡುವುದು ಹಿಂಬದಿಯಲ್ಲಿ ನೇಗಿಲು ಕಟ್ಟುವ ಮೂರು ತೋಳುಗಳನ್ನು. ಕೋರ್ಟು ಕಟ್ಟೆ ಹತ್ತಿಸಿದ ಜಗಳದ ಬೇರು ಅಲ್ಲಿದೆ.

ಹ್ಯಾರಿ ಫರ್ಗ್ಯುಸನ್ ಐರ್ಲೆಂಡಿನ ರೈತನ ಮಗ, ಮಹಾ ಹಟಮಾರಿ. 1909ರಲ್ಲೇ ತಾನೇ ಕಟ್ಟಿದ ವಿಮಾನ ಹಾರಿಸಿದ್ದ. ಆ ಕಾಲದ ಫೋರ್ಡ್‌ಸನ್ ಟ್ರ್ಯಾಕ್ಟರು ನೇಗಿಲನ್ನು ಹಿಂದೆ ಎಳೆದುಕೊಂಡು ಹೋಗುತ್ತಿತ್ತು. ನೇಗಿಲು ಬಂಡೆಗೆ ಸಿಕ್ಕಿಕೊಂಡರೆ ಮುಂದಿನ ಚಕ್ರ ಮೇಲೆದ್ದು, ಗಾಡಿ ಓಡಿಸುವವನ ಮೇಲೇ ಮಗುಚುತ್ತಿತ್ತು, ಜೀವಗಳೇ ಹೋದವು. ಫರ್ಗ್ಯುಸನ್ ಕೆಳಗೆ ಎರಡು, ಮೇಲೆ ಒಂದು ತೋಳಿಟ್ಟು ನೇಗಿಲನ್ನು ಗಾಡಿಯ ಮೈಗೇ ಜೋಡಿಸಿದ. ಮಣ್ಣು ಗಟ್ಟಿಯಾದಷ್ಟೂ ಮೇಲಿನ ಟಾಪ್ ಲಿಂಕ್ ಮುಂದಕ್ಕೆ ಒತ್ತುತ್ತದೆ, ಮುಂದಿನ ಚಕ್ರ ನೆಲ ಬಿಡುವುದಿಲ್ಲ. ಅದೇ ಒತ್ತಡಕ್ಕೆ ಹೈಡ್ರಾಲಿಕ್ ಎಚ್ಚೆತ್ತು ನೇಗಿಲನ್ನು ತುಸು ಎತ್ತುತ್ತದೆ. ಹಗುರ ಗಾಡಿಯೂ ದೊಡ್ಡ ಗಾಡಿಯ ಕೆಲಸ ಮಾಡಿತು.

1938ರ ಅಕ್ಟೋಬರಿನಲ್ಲಿ ಡಿಯರ್‌ಬಾರ್ನ್‌ನಲ್ಲಿ ಹೆನ್ರಿ ಫೋರ್ಡ್ ಎದುರೇ ಉತ್ತು ತೋರಿಸಿದ. ಮೇಜು ತರಿಸಿ, ಪುಟ್ಟ ಮಾದರಿಯಿಟ್ಟು ಗುಟ್ಟು ಬಿಡಿಸಿದ. ಇಬ್ಬರೂ ಕೈಕುಲುಕಿದರು. ಕಾಗದವಿಲ್ಲ, ಸಹಿಯಿಲ್ಲ! ಮರುವರ್ಷ ಬಂದ 9ಎನ್ ಟ್ರ್ಯಾಕ್ಟರಿನ ಮೂತಿಯ ಮೇಲೆ ಇಬ್ಬರ ಹೆಸರೂ ಇತ್ತು.

ಯುದ್ಧ ಮುಗಿಯಿತು, ಕಂಪನಿ ಮೊಮ್ಮಗ ಎರಡನೇ ಹೆನ್ರಿಯ ಕೈಗೆ ಬಂತು. ಟ್ರ್ಯಾಕ್ಟರಿನಲ್ಲಿ ನಷ್ಟವಿತ್ತು, ನಿಜ. ಆದರೆ ಪಾಲುಗಾರನನ್ನು ಹೊರಗಿಟ್ಟು ಅವನ ತೋಳುಗಳನ್ನು ಉಳಿಸಿಕೊಂಡದ್ದು ಅನ್ಯಾಯವೇ. 1947ರಲ್ಲಿ ಫೋರ್ಡ್‌ನ ಕೆಂಪು ಹೊಟ್ಟೆಯ 8ಎನ್ ಬಂತು. ಅಷ್ಟರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಫರ್ಗ್ಯುಸನ್‌ನ ಬೂದು ಟಿಇ20 ತಯಾರಾಗುತ್ತಿತ್ತು. ಲಿಫ್ಟನ್ನು ಬೇಕಾದ ಎತ್ತರದಲ್ಲಿ ನಿಲ್ಲಿಸುವ ಅನುಕೂಲ 8ಎನ್‌ನಲ್ಲಿತ್ತು. ಅಷ್ಟರಮಟ್ಟಿಗೆ ಅದೇ ಮುಂದು. ಆದರೂ ನನ್ನ ಮನಸ್ಸು ಟಿಇ20 ಕಡೆಗೇ.

1948ರಲ್ಲಿ ಫರ್ಗ್ಯುಸನ್ 25 ಕೋಟಿ ಡಾಲರಿಗೂ ಮೀರಿದ ದಾವೆ ಹೂಡಿದ. 1952ರ ರಾಜಿಯಲ್ಲಿ ಸಿಕ್ಕಿದ್ದು 92.5 ಲಕ್ಷ. ಹೈಡ್ರಾಲಿಕ್ಕಿನ ಒಂದು ಭಾಗವನ್ನು ಫೋರ್ಡ್ ಬದಲಿಸಬೇಕಾಯಿತು, ಮೂರು ತೋಳುಗಳು ಹಾಗೇ ಉಳಿದವು. ಮರುವರ್ಷ ಫರ್ಗ್ಯುಸನ್ ತನ್ನ ಕಂಪನಿಯನ್ನು ಕೆನಡಾದ ಮ್ಯಾಸಿ-ಹ್ಯಾರಿಸ್ ಜತೆ ವಿಲೀನಗೊಳಿಸಿದ.

ಮುಂದೆ ಎರಡೂ ಭಾರತಕ್ಕೆ ಬಂದವು: ಮದ್ರಾಸಿನ ಟಾಫೆಯಿಂದ ಮ್ಯಾಸಿ ಫರ್ಗ್ಯುಸನ್, ಫರಿದಾಬಾದಿನ ಎಸ್ಕಾರ್ಟ್ಸ್‌ನಿಂದ ಫೋರ್ಡ್. ಮ್ಯಾಸಿಗೆಂದು ತಂದ ಕಲ್ಟಿವೇಟರನ್ನು ನಮ್ಮ ರೈತರು ಫೋರ್ಡ್‌ಗೂ ಕಟ್ಟಿದರು, ಅವೇ ಮೂರು ಪಿನ್ನು ಹಾಕಿ.